ತೂಕ ನೋಡಿ ವಿಂಗಡಿಸಿದ ಪೆಲೆಟ್ ಅಂತ ಪ್ಲಾಸ್ಟಿಕ್ ಪೌಚಿನಲ್ಲಿ ಬಂದರೆ ತೆಗೆದುಕೊಳ್ಳಬೇಡಿ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯಲ್ಲಿ ಮಕ್ಕಳಿಗೆ ಏರ್ ರೈಫಲ್ ಕಲಿಸುತ್ತಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. "ಒಂದೊಂದನ್ನೂ ತೂಕ ನೋಡಿ ವಿಂಗಡಿಸಿದ್ದು, ರೈಫಲನ್ನು ವೈಸಿಗೆ ಕಟ್ಟಿ ಪರೀಕ್ಷೆ ಮಾಡಿದ್ದು" ಅಂತ ಹೇಳಿ ವಾಟ್ಸಾಪಿನಲ್ಲಿ ಪೆಲೆಟ್, ಅಂದರೆ ಏರ್ ರೈಫಲಿನ ಸಣ್ಣ ಸೀಸದ ಗುಂಡು, ಮಾರುವವರೊಬ್ಬರು ಇದ್ದಾರೆ. ವೈಸ್ ಅಂದರೆ ರೈಫಲ್ ಅಲುಗದ ಹಾಗೆ ಬಿಗಿದು ಹಿಡಿಯುವ ಉಪಕರಣ. ಕಂಪೆನಿಯ ಸೀಲ್ ಟಿನ್ನಿನ ಎರಡರಷ್ಟು ಬೆಲೆ. ನಾವು ಕೊಟ್ಟೆವು. ನಾವು ತೆಗೆದುಕೊಂಡದ್ದು ನೋಡಿ ಪೆರ್ಲದ ಒಂದು ಮನೆಯವರೂ ಕೊಟ್ಟರು. ಅವರ ಮುಖ ನೋಡಲಿಕ್ಕೆ ನನಗೆ ಈಗಲೂ ನಾಚಿಕೆ.

ಹೆಸರು ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಮುಗಿಯಲಿ. ಆದರೆ ಅವರು ಮಾರುವ ಕ್ರಮ ಹೇಳಿದರೆ ನಿಮಗೇ ಗೊತ್ತಾಗುತ್ತದೆ.

ಮಗಳು ಹತ್ತು ಮೀಟರ್ ಏರ್ ರೈಫಲ್ ಹೊಡೆಯುವವಳು, ಅಭ್ಯಾಸಕ್ಕೆ ರೈಲಿನಲ್ಲಿ ಮಂಗಳೂರಿಗೆ ಹೋಗುತ್ತಾಳೆ. 2018ರಿಂದ ಹೆಣ್ಣುಮಕ್ಕಳಿಗೂ 40ರ ಬದಲು 60 ಗುಂಡು. ಒಂದಕ್ಕೆ ಹೆಚ್ಚೆಂದರೆ 10.9 ಅಂಕ, ಒಟ್ಟು 654. ಕಾರ್ಡಿನ ನಡುವಿನ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಪೆಲೆಟ್ ಕಾಲು ಮಿಲಿಮೀಟರ್ ಆಚೆ ಹೋದರೆ 0.1 ಹೋಯಿತು. ಆಯ್ಕೆ ಪಟ್ಟಿಯಲ್ಲಿ ಹೆಸರು ಬರುವುದೋ ಬಿಡುವುದೋ ಅಷ್ಟರ ಮೇಲೇ ನಿಲ್ಲುತ್ತದೆ. ಅದಕ್ಕೇ ಒಂದೇ ತೂಕದ, ಒಂದೇ ತಲೆಯಳತೆಯ ಪೆಲೆಟ್‌ಗೆ ಎಲ್ಲರೂ ಹುಡುಕುವುದು. ಈ ಆಸೆಯೇ ಆ ಮಾರುವವರ ಬಂಡವಾಳ.

ಮೊದಲು ಮೂರು ಫೋಟೊ ಕಳಿಸಿದರು. ತೂಕದ ಯಂತ್ರದ ಮೇಲೆ ಪೆಲೆಟ್ ಇಟ್ಟದ್ದು ಒಂದು. ಐದು ಗುಂಡು ಒಂದೇ ತೂತಿನಲ್ಲಿ ಹೋದ ಹಾಗೆ ಕಾಣುವ ಟಾರ್ಗೆಟ್ ಕಾರ್ಡ್ ಇನ್ನೊಂದು. ವೇಗ ಅಳೆಯುವ ಕ್ರೊನೊಗ್ರಾಫಿನ ಪರದೆ ಮತ್ತೊಂದು, ಅದರಲ್ಲಿ ಎಸ್‌ಡಿ 1 ಅಂತ. ಎಸ್‌ಡಿ ಅಂದರೆ ಒಂದೊಂದು ಗುಂಡಿನ ವೇಗ ಸರಾಸರಿಯಿಂದ ಎಷ್ಟು ಆಚೀಚೆ ಆಗುತ್ತದೆ ಅನ್ನುವ ಲೆಕ್ಕ. "ಅಕ್ಕಾ, ಒಂದು ಮಿಲಿಗ್ರಾಂ ಹೆಚ್ಚುಕಮ್ಮಿ ಇಲ್ಲ, ನಾನು ಗ್ಯಾರಂಟಿ" ಅಂದರು. ಹಣ ಯುಪಿಐಯಲ್ಲಿ ಮೊದಲೇ. ಬಿಲ್ಲು ಕೇಳಿದರೆ "ಕೊರಿಯರಿನಲ್ಲಿ ಬರುತ್ತದೆ ಅಕ್ಕಾ". ಬರಲಿಲ್ಲ.

ಬಂದದ್ದು ಜಿಪ್ ಇರುವ ಪ್ಲಾಸ್ಟಿಕ್ ಪೌಚು. ಟಿನ್ ಇಲ್ಲ, ಒಂದೇ ಸಲ ತಯಾರಾದದ್ದು ಅಂತ ಗುರುತಿಸುವ ಲಾಟ್ ನಂಬರ್ ಇಲ್ಲ, ತಲೆಯಳತೆ 4.49 ಮಿಲಿಮೀಟರೋ 4.50ಓ ಅದೂ ಇಲ್ಲ. ಸೀಸ ಎಷ್ಟು ಮೆದು ಅಂತ ಪೆಲೆಟ್ ಮುಟ್ಟಿದವರಿಗೆಲ್ಲ ಗೊತ್ತು. ಕೊರಿಯರಿನಲ್ಲಿ ಒಂದಕ್ಕೊಂದು ಕುಟ್ಟಿ ಹಿಂದಿನ ತೆಳು ಅಂಚು, ಸ್ಕರ್ಟ್ ಅನ್ನುತ್ತಾರಲ್ಲ ಅದು, ಸುಮಾರು ಪೆಲೆಟ್‌ಗಳಲ್ಲಿ ಒಳಗೆ ಮಡಚಿತ್ತು. ಕೆಲವಕ್ಕೆ ಬಿಳಿ ಪುಡಿ ಹಿಡಿದಿತ್ತು. ಹಳೆಯ ಸೀಸಕ್ಕೆ ತೇವ ತಾಗಿದರೆ ಹಿಡಿಯುವಂಥದ್ದು. ಫೋಟೊ ಕಳಿಸಿ ಕೇಳಿದೆ. "ಅದು ಲ್ಯೂಬ್ ಅಕ್ಕಾ, ಸ್ಪೆಷಲ್ ಕೋಟಿಂಗ್."

ಅಲ್ಲಿಂದ ಶುರು ಆದದ್ದು ಮಗಳ ಸಂಕಟ. 10.5, 10.4, 10.6, ಹಾಗೇ ಹೋಗುತ್ತಾ ಇದ್ದಕ್ಕಿದ್ದ ಹಾಗೆ 9.3. ಪುನಃ 10.5. ಪುನಃ 9.4. ತನ್ನ ಟ್ರಿಗರಿನಲ್ಲೇ ದೋಷ ಅಂತ ಅವಳು ರಾತ್ರಿ ಊಟ ಆದ ಮೇಲೂ ಖಾಲಿ ರೈಫಲ್ ಹಿಡಿದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ದುಡ್ಡು ಹೋದದ್ದಕ್ಕಿಂತ ಇದು ನನಗೆ ಹೆಚ್ಚು ಉರಿ. ಚೆಂದ ಹೊಡೆಯುವ ಮಗು ತನ್ನ ಬೆರಳನ್ನೇ ಸಂಶಯ ಪಟ್ಟಿತು.

ಕೊನೆಗೆ ಕೋಚ್ ರೈಫಲನ್ನು ವೈಸಿಗೆ ಕಟ್ಟಿ ಅದೇ ಪೌಚಿನಿಂದ ಹೊಡೆದರು. ಮನುಷ್ಯರ ಕೈಯೇ ಇಲ್ಲ, ಆದರೂ ತೂತುಗಳು ಚದುರಿದವು. ಅವರ ಹತ್ತಿರ ಇದ್ದ ಸೀಲ್ ಟಿನ್ ಒಡೆದು ಅದೇ ವೈಸಿನಲ್ಲಿ ಹೊಡೆದರೆ ಒಟ್ಟಿಗೇ ಬಿದ್ದವು.

ಆ ಪೌಚು ಹಿಡಿದುಕೊಂಡು ಕುಂಬಳೆ ಪೇಟೆಯಲ್ಲಿ ಪರಿಚಯದವರ ಚಿನ್ನದ ಅಂಗಡಿಗೆ ಹೋದೆ. ಅವರದ್ದು ಮಿಲಿಗ್ರಾಂ ತೋರಿಸುವ ಯಂತ್ರ, ಗಾಜಿನ ಮುಚ್ಚಳ ಇರುವಂಥದ್ದು. ಒಂದೊಂದೇ ಇಟ್ಟೆವು. 0.526. 0.533. 0.529. 0.534. ಪುನಃ 0.527. ಅಂಗಡಿಯವರು "ಇದು ವಿಂಗಡಿಸಿದ್ದಾ ಅಕ್ಕಾ?" ಅಂತ ಕೇಳಿದರು. ಅಲ್ಲೇ ಫೋನ್ ತೆಗೆದು ಪೆಲೆಟ್ ಮಾರಿದವರು ಮೊದಲು ಕಳಿಸಿದ ತೂಕದ ಫೋಟೊ ನೋಡಿದೆ. 0.53. ದಶಮಾಂಶದ ಆಚೆ ಎರಡೇ ಅಂಕೆ. ಮೂರನೆಯ ಅಂಕೆಯೇ ಇಲ್ಲದ ಯಂತ್ರ! ಅದರ ಮೇಲೆ 0.526 ಇಟ್ಟರೂ 0.53, 0.534 ಇಟ್ಟರೂ 0.53. ಎಂಟು ಮಿಲಿಗ್ರಾಂ ವ್ಯತ್ಯಾಸ ಅದಕ್ಕೆ ಕಾಣುವುದೇ ಇಲ್ಲ. ಒಂದು ಮಿಲಿಗ್ರಾಂ ಇಲ್ಲ ಅಂತ ಗ್ಯಾರಂಟಿ ಕೊಟ್ಟದ್ದು ಈ ಯಂತ್ರ ಇಟ್ಟುಕೊಂಡು. ಮಿಲಿಗ್ರಾಂ ಅಳೆಯುವುದೇ ಇಲ್ಲ ಅದು. ಚಿನ್ನದ ಅಂಗಡಿಯಲ್ಲಿ ನಾಲ್ಕು ಜನರ ಎದುರು ನನ್ನ ಮುಖ ಬಿಸಿ ಆಯಿತು.

ಕೋಚಿನ ಸೀಲ್ ಟಿನ್ನಿನವನ್ನೂ ಅಲ್ಲೇ ಇಟ್ಟು ನೋಡಿದೆವು. ಅವು ಇದಕ್ಕಿಂತ ಹತ್ತಿರ ಹತ್ತಿರ. ಅಂದರೆ ಬೇರೆ ಬೇರೆ ಲಾಟಿನ ಉಳಿದ ಬಳಿದದ್ದನ್ನು ಬೆರೆಸಿ ನಮಗೆ ಕೊಟ್ಟಿದ್ದಾರೆ ಅಂತ ನನ್ನ ನಂಬಿಕೆ.

ಇಷ್ಟಕ್ಕೇ ಮುಗಿಯಲಿಲ್ಲ. ಪೆರ್ಲದವರಿಗೆ ಬಂದ ಟಾರ್ಗೆಟ್ ಕಾರ್ಡಿನ ಫೋಟೊ ನೋಡಿದೆ. ಅದೇ ಕಾರ್ಡ್! ಬಲಬದಿಯ ಮೂಲೆ ಹರಿದದ್ದು, ಅಂಚಿನಲ್ಲಿ ನೀಲಿ ಪೆನ್ನಿನ ಗೀಟು, ಎಲ್ಲ ಅದೇ. ಅವರಿಗೆ "ಇದು ನಿಮ್ಮ ಲಾಟಿನ ಕಾರ್ಡ್" ಅಂದದ್ದು, ನನಗೂ "ಇದು ನಿಮ್ಮ ಲಾಟಿನ ಕಾರ್ಡ್" ಅಂದದ್ದು.

ಕೇಳಿದೆ. ಅಷ್ಟರವರೆಗೆ ಮಾರಿದವರಿಗೆ ಅಕ್ಕಾ ಆಗಿದ್ದವಳು ಆ ದಿನದಿಂದ ಮೇಡಂ ಆದೆ.

"ಮೇಡಂ, ಅದು ಸ್ಯಾಂಪಲ್ ಕಾರ್ಡ್."

"ನಿಮ್ಮ ಲಾಟಿನದ್ದು ಅಂತ ನೀವೇ ಬರೆದಿದ್ದೀರಿ, ಮೇಲೆ ನೋಡಿ" ಅಂತ ಸ್ಕ್ರೀನ್‌ಶಾಟ್ ಹಾಕಿದೆ.

"ಮೇಡಂ, ಇದೆಲ್ಲ ಟೆಕ್ನಿಕಲ್ ವಿಷಯ, ನಿಮಗೆ ಅರ್ಥ ಆಗ್ಲಿಕ್ಕಿಲ್ಲ. ಹುಡುಗಿಯ ಹೋಲ್ಡಿಂಗ್ ಸರಿಯಿಲ್ಲದಿದ್ರೆ ಪೆಲೆಟ್ ಎಂತ ಮಾಡ್ತದೆ?"

ಇದನ್ನು ಓದಿದಾಗ ನನ್ನ ಕೈ ನಡುಗಿತು. ವೈಸಿನಲ್ಲಿ ಹೊಡೆದ ಕಾರ್ಡ್ ಕಳಿಸಿದೆ. ನೋಡಿದ್ದಾರೆ, ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ. ಮರುದಿನ "ಪೌಚ್ ಓಪನ್ ಆದ ಮೇಲೆ ರಿಟರ್ನ್ ಇಲ್ಲ" ಅಂತ ಒಂದು ಸಾಲು. ಪೌಚು ತೆಗೆಯದೆ ಒಳಗಿನದ್ದನ್ನು ಪರೀಕ್ಷೆ ಮಾಡುವುದು ಹೇಗೆ?

ಅರ್ಥ ಆಗ್ಲಿಕ್ಕಿಲ್ಲ ಅಂದರಲ್ಲ, ಕೂತು ಅರ್ಥ ಮಾಡಿಕೊಂಡೆ. ಐದೇ ಗುಂಡಿನ ಒಂದು ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು, ತೋರಿಸಿದರೆ ಅದು ಏನನ್ನೂ ಹೇಳುವುದಿಲ್ಲ. ಎಷ್ಟು ಹಾಳು ಪೆಲೆಟ್ ಆದರೂ ಐದೈದು ಹೊಡೆಯುತ್ತಾ ಹೋದರೆ ಯಾವುದಾದರೂ ಒಂದು ಗ್ರೂಪ್ ಚೆಂದ ಬಂದೇ ಬರುತ್ತದೆ. ಅದನ್ನು ಮಾತ್ರ ಫೋಟೊ ತೆಗೆಯುವುದು ಅಂದರೆ ಚೀಲದ ಮೇಲೆ ಒಳ್ಳೆಯ ಅಡಿಕೆ ಹರಡಿ ಕೆಳಗೆ ಕರಿಗೋಟು ತುಂಬಿದ ಹಾಗೆ. ಎಸ್‌ಡಿಯೂ ಹಾಗೆಯೇ. ಐದು ಗುಂಡಿನಿಂದ ಎಸ್‌ಡಿ 1 ಅಂತ ಬಂದರೆ ನಿಜವಾದದ್ದು ಸುಮಾರು 2.9ರವರೆಗೂ ಇರಬಹುದು, ಅಂಕಿಅಂಶದ ಲೆಕ್ಕವೇ ಹಾಗೆ ಹೇಳುತ್ತದೆ. ಹೊರದೇಶಗಳಲ್ಲಿ ದೊಡ್ಡ ರೈಫಲಿಗೆ ಕಾಡತೂಸು ಸ್ವತಃ ತುಂಬಿಕೊಳ್ಳುವವರಲ್ಲೂ ಐದು ಗುಂಡು ನೋಡಿ ಮದ್ದಿನ ಅಳತೆ ತೀರ್ಮಾನ ಮಾಡಿ ಕೆಡುವವರು ಇದ್ದಾರಂತೆ. (ನಮಗೆ ಪೆಲೆಟ್ ಮಾರಿದವರು ಮುಂದೆ "ಕೈಯಲ್ಲಿ ತುಂಬಿದ ಕಾಡತೂಸು ಉಂಟು" ಅಂತ ಹೇಳಿದರೆ ಆ ಮಾತೇ ಬೇಡ. ಲೈಸನ್ಸ್ ಇಲ್ಲದೆ ಕಾಡತೂಸು ಮಾಡುವುದು, ಮಾರುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ.)

ನನಗೆ ಹೇಳಲಿಕ್ಕಿರುವುದು ಇಷ್ಟು. ಕಂಪೆನಿಯ ಸೀಲ್ ಇರುವ ಟಿನ್ನೇ ತೆಗೆದುಕೊಳ್ಳಿ, ಲಾಟ್ ನಂಬರ್ ಬರೆದಿಡಿ. ನಿಮ್ಮ ರೈಫಲಿಗೆ ಯಾವ ಲಾಟ್ ಆಗುತ್ತದೆ ಅಂತ ನಿಮ್ಮ ರೈಫಲನ್ನೇ ವೈಸಿಗೆ ಕಟ್ಟಿ ನೋಡಬೇಕು, ಬೇರೆಯವರ ರೈಫಲಿನ ಕಾರ್ಡ್ ನಿಮಗೆ ಉಪಯೋಗ ಇಲ್ಲ. ಹತ್ತು ಹತ್ತರ ಹಾಗೆ ಕೆಲವು ಗ್ರೂಪ್ ಹೊಡೆದು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ, ಚೆಂದದ್ದನ್ನು ಮಾತ್ರ ಅಲ್ಲ. ಗ್ರೂಪಿನ ಅಗಲವನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಪೆಲೆಟಿನ ಅಗಲ 4.5 ಮಿಲಿಮೀಟರ್ ಕಳೆಯಬೇಕು. ಕಳೆದು ಹೇಳಿದ್ದೋ ಕಳೆಯದೆ ಹೇಳಿದ್ದೋ ಅಂತ ಮಾರುವವರನ್ನು ಕೇಳಿ. ತೂಕದ ಫೋಟೊ ಬಂದರೆ ದಶಮಾಂಶದ ಆಚೆ ಎಷ್ಟು ಅಂಕೆ ಉಂಟು ಅಂತ ಮೊದಲು ನೋಡಿ. ಬಿಲ್ಲು ಕೊಡದವರಿಗೆ ಒಂದು ರೂಪಾಯಿ ಕೊಡಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗಿದೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯ ಪ್ರಕಾರ ಮಾರಿದವರ ಊರಿಗೆ ಹೋಗಬೇಕಂತಿಲ್ಲ, ನಾವು ಇರುವಲ್ಲಿಯೇ ದೂರು ಕೊಡಬಹುದು. ಇದು ಗೊತ್ತಾದ ಮೇಲೆ ಅವರದ್ದು ಹೊಸ ಮೆಸೇಜ್ ಬಂದಿದೆ, "ಮೇಡಂ, ಅರ್ಧ ಹಣ ವಾಪಸ್ ಹಾಕ್ತೇನೆ, ಎಲ್ಲಿಯೂ ಬರೀಬೇಡಿ" ಅಂತ. ಪೂರ್ತಿ ಹಣ ಬೇಕು, ಪೆರ್ಲದವರದ್ದೂ ಬೇಕು. ಬರೆಯುವುದು ಬರೆದಾಗಿದೆ. ಇವರಿಂದ ಪೌಚು ತೆಗೆದುಕೊಂಡವರು ಇನ್ನೂ ಇದ್ದರೆ ಯುಪಿಐ ರಸೀದಿ, ಮೆಸೇಜುಗಳು ಯಾವುದನ್ನೂ ಅಳಿಸಬೇಡಿ, ನನಗೆ ತಿಳಿಸಿ. ದೂರಿಗೆ ಸೇರಿಸುತ್ತೇನೆ.