ಹೆಲ್ತ್ ಚೆಕ್ ಅಂಡ್ ಟ್ರಬಲ್‌ಶೂಟಿಂಗ್: ಆರು ವರ್ಷ ಬಳಸಿದವನ ಮಾತು

ಸಾಗರ ತಾಲ್ಲೂಕಿನ ಒಂದು ಓದುಗರ ಬಳಗದ ಜಾಲತಾಣವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ವಾರಕ್ಕೆರಡು ಪುಸ್ತಕ ಪರಿಚಯಗಳು ಪ್ರಕಟವಾಗುವ, ಸುಮಾರು 1,400 ಬರಹಗಳಿರುವ, ಅಗ್ಗದ ಶೇರ್ಡ್ ಹೋಸ್ಟಿಂಗ್ (ಹಲವು ತಾಣಗಳು ಒಂದೇ ಸರ್ವರನ್ನು ಹಂಚಿಕೊಳ್ಳುವ ವ್ಯವಸ್ಥೆ) ಮೇಲೆ, ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ನಡೆಯುವ ಸಾಧಾರಣ ತಾಣ ಅದು. ನಾನು ತಂತ್ರಾಂಶದ ಓದು ಓದಿದವನಲ್ಲ. ಕೆಟ್ಟುಹೋದಾಗಲೆಲ್ಲ ಸರಿಪಡಿಸುತ್ತ ಕಲಿತವನು. 2019ರಿಂದ ಈ ರಿಪೇರಿ ಕೆಲಸದಲ್ಲಿ ನನಗೆ ಹೆಚ್ಚು ಒದಗಿಬಂದಿರುವುದು ವರ್ಡ್‌ಪ್ರೆಸ್ ಸಮುದಾಯವೇ ರೂಪಿಸಿ ಉಚಿತವಾಗಿ ಕೊಟ್ಟಿರುವ ‘ಹೆಲ್ತ್ ಚೆಕ್ ಅಂಡ್ ಟ್ರಬಲ್‌ಶೂಟಿಂಗ್’ ಪ್ಲಗಿನ್, ಅಂದರೆ ತಾಣಕ್ಕೆ ಜೋಡಿಸಿಕೊಳ್ಳುವ ಚಿಕ್ಕ ತಂತ್ರಾಂಶ.

ಮೊದಲೇ ಒಂದು ಗೊಂದಲ ನಿವಾರಿಸಬೇಕು. ಈ ಪ್ಲಗಿನ್‌ನ ಅರ್ಧಭಾಗ 2019ರ ಮೇ ತಿಂಗಳಲ್ಲಿ ಬಂದ ವರ್ಡ್‌ಪ್ರೆಸ್ 5.2ರಲ್ಲಿಯೇ ಸೇರಿಹೋಯಿತು. ಟೂಲ್ಸ್ ಮೆನುವಿನಡಿ ಕಾಣುವ ‘ಸೈಟ್ ಹೆಲ್ತ್’ ಪುಟ ಅದೇ. ಹಾಗಾಗಿ ‘ಇನ್ನೂ ಬೇರೆ ಪ್ಲಗಿನ್ ಏಕೆ?’ ಎಂದು ಹಲವರು ನನ್ನನ್ನು ಕೇಳಿದ್ದಾರೆ. ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿಯ ಆವೃತ್ತಿ ಹಳೆಯದೇ, ಎಚ್‌ಟಿಟಿಪಿಎಸ್ ಇದೆಯೇ, ನಿಗದಿತ ಕೆಲಸಗಳು ಹೊತ್ತಿಗೆ ಸರಿಯಾಗಿ ನಡೆಯುತ್ತಿವೆಯೇ ಎಂಬುದನ್ನೆಲ್ಲ ವರ್ಡ್‌ಪ್ರೆಸ್ ತಾನೇ ಹೇಳುತ್ತದೆ, ನಿಜ. ಆದರೆ ಕಾಯಿಲೆ ಇದೆ ಎನ್ನುವುದಷ್ಟೇ ಗೊತ್ತಾಗಿ ಯಾವ ಪ್ಲಗಿನ್‌ನಿಂದ ಬಂತೆಂದು ಗೊತ್ತಾಗದಿದ್ದಾಗ ಬೇಕಾಗುವ ‘ಟ್ರಬಲ್‌ಶೂಟಿಂಗ್ ಮೋಡ್’ ಎಂಬ ಉಪಕರಣ ಈ ಪ್ಲಗಿನ್‌ನಲ್ಲಿ ಮಾತ್ರ ಉಳಿದಿದೆ.

ಆ ಉಪಕರಣದ ಬೆಲೆ ನನಗೆ ತಿಳಿದದ್ದು ಒಂದು ಶನಿವಾರ ಸಂಜೆ. ಬಳಗದ ಕಾರ್ಯದರ್ಶಿಯವರು ಫೋನ್ ಮಾಡಿ, “ಸಾರ್, ಪಬ್ಲಿಶ್ ಒತ್ತಿದರೆ ಮೇಲೆ ಕೆಂಪು ಪಟ್ಟಿ ಬರುತ್ತೆ, ಅದೇನೋ ಜೇಸನ್ ಅಂತೆ, ಲೇಖನ ಹೋಗ್ತಾನೇ ಇಲ್ಲ” ಎಂದರು. ‘ದಿ ರೆಸ್ಪಾನ್ಸ್ ಈಸ್ ನಾಟ್ ಎ ವ್ಯಾಲಿಡ್ ಜೇಸನ್ ರೆಸ್ಪಾನ್ಸ್’ ಎಂಬ ಆ ಸಂದೇಶವನ್ನು ವರ್ಡ್‌ಪ್ರೆಸ್‌ನ ಬರೆಯುವ ಪರದೆಯಾದ ಬ್ಲಾಕ್ ಎಡಿಟರ್ ಬಳಸುವವರು ಒಮ್ಮೆಯಾದರೂ ಕಂಡಿರುತ್ತಾರೆ; ಜೇಸನ್ ಎಂದರೆ ಸರ್ವರ್ ತನ್ನ ಉತ್ತರ ಕಳಿಸುವ ಒಂದು ಕಟ್ಟುನಿಟ್ಟಾದ ರೂಪ. ಸೈಟ್ ಹೆಲ್ತ್ ಪುಟ ತೆರೆದು ನೋಡಿದರೆ ರೆಸ್ಟ್ ಎಪಿಐ (ಎಡಿಟರ್ ಸರ್ವರಿನೊಡನೆ ಮಾತಾಡುವ ದಾರಿ) ಸರಿಯಾಗಿ ನಡೆದುಕೊಳ್ಳುತ್ತಿಲ್ಲವೆಂಬ ಒಂದು ಸಾಲು ಇತ್ತು. ಅಷ್ಟೇ. ನಮ್ಮಲ್ಲಿ ಆಗ 17 ಪ್ಲಗಿನ್‌ಗಳಿದ್ದವು. ಹಳೆಯ ಪದ್ಧತಿಯಂತೆ ಒಂದೊಂದನ್ನೇ ಆಫ್ ಮಾಡುತ್ತ ಹೋದರೆ, ಅದೇ ಹೊತ್ತಿನಲ್ಲಿ ಪುಟ ತೆರೆದ ಓದುಗರಿಗೆ ಒಮ್ಮೆ ಚಿತ್ರಗಳಿಲ್ಲದ, ಇನ್ನೊಮ್ಮೆ ಹುಡುಕಾಟದ ಪೆಟ್ಟಿಗೆಯಿಲ್ಲದ, ಮತ್ತೊಮ್ಮೆ ಪೂರ್ತಿ ಬಿಳಿಯಾದ ತಾಣ ಕಾಣುತ್ತಿತ್ತು.

ಪ್ಲಗಿನ್‌ನ ಟ್ರಬಲ್‌ಶೂಟಿಂಗ್ ಮೋಡ್ ಮಾಡುವುದೇನೆಂದರೆ, ವರ್ಡ್‌ಪ್ರೆಸ್ ಎಲ್ಲಕ್ಕಿಂತ ಮೊದಲು ಓದುವ ‘ಮಸ್ಟ್ ಯೂಸ್’ ಪ್ಲಗಿನ್‌ಗಳ ಫೋಲ್ಡರಿನಲ್ಲಿ ಒಂದು ಚಿಕ್ಕ ಕಡತವನ್ನಿಟ್ಟು, ಲಾಗಿನ್ ಆಗಿರುವ ನನ್ನ ಬ್ರೌಸರಿಗೆ ಒಂದು ಕುಕೀ (ಬ್ರೌಸರ್ ಇಟ್ಟುಕೊಳ್ಳುವ ಚಿಕ್ಕ ಗುರುತು) ಕೊಟ್ಟು, ಆ ಕುಕೀ ಇರುವವನಿಗೆ ಮಾತ್ರ ಎಲ್ಲ ಪ್ಲಗಿನ್‌ಗಳನ್ನೂ ಆಫ್ ಮಾಡಿ ವರ್ಡ್‌ಪ್ರೆಸ್‌ನ ಮೂಲ ಥೀಮ್‌ನಲ್ಲಿ (ವಿನ್ಯಾಸದಲ್ಲಿ) ತಾಣವನ್ನು ತೋರಿಸುವುದು. ಉಳಿದವರಿಗೆ ತಾಣ ಎಂದಿನಂತೆಯೇ ಇರುತ್ತದೆ. ಅಂದು ಮೋಡ್ ಹಾಕಿ ಪಬ್ಲಿಶ್ ಒತ್ತಿದೆ, ಹೋಯಿತು. ಆಮೇಲೆ ಮೇಲಿನ ಪಟ್ಟಿಯ ಮೆನುವಿನಿಂದ ಒಂದೊಂದೇ ಪ್ಲಗಿನ್ ಹೊತ್ತಿಸುತ್ತ, ಪ್ರತಿ ಬಾರಿಯೂ ಪರೀಕ್ಷೆಯ ಬರಹವೊಂದನ್ನು ಉಳಿಸುತ್ತ ಬಂದೆ. ಹನ್ನೊಂದನೆಯದು ಒಂದು ಚಿತ್ರಸಂಪುಟದ ಪ್ಲಗಿನ್. ಹೊಸ ಆವೃತ್ತಿಗೆ ಏರಿದ ಮೇಲೆ ಸರ್ವರಿನ ಪ್ರತಿ ಉತ್ತರದ ಮುಂದೆಯೂ ಅದು ತನ್ನದೊಂದು ಎಚ್‌ಟಿಎಂಎಲ್ ಸಾಲನ್ನು ಅಂಟಿಸುತ್ತಿತ್ತು. ಜೇಸನ್ ಕೆಡಲು ಅಷ್ಟು ಸಾಕು. ನಲವತ್ತು ನಿಮಿಷದ ಕೆಲಸ. ಅಷ್ಟೂ ಹೊತ್ತು ಒಬ್ಬ ಓದುಗರಿಗೂ ಏನೂ ತಿಳಿಯಲಿಲ್ಲ.

ಈ ಮೋಡ್‌ಗೆ ಮಿತಿಗಳೂ ಇವೆ. ಲಾಗಿನ್ ಆಗದೆ ಬರುವ ಓದುಗರಿಗೆ ಮಾತ್ರ ಕಾಣುವ ತೊಂದರೆಯನ್ನು ಇದರಿಂದ ಹಿಡಿಯಲಾಗದು, ಏಕೆಂದರೆ ಪರೀಕ್ಷಿಸುವವನು ಲಾಗಿನ್ ಆಗಿರಲೇಬೇಕು. ಮಿಂಚಂಚೆ ಕಳಿಸಲು ಬೇರೆ ಪ್ಲಗಿನ್ ಬಳಸುವವರು ಆ ಹೊತ್ತಿನಲ್ಲಿ ಅಂಚೆಯನ್ನು ಪರೀಕ್ಷಿಸಿ ‘ಅಂಚೆಯೂ ಕೆಟ್ಟಿದೆ’ ಎಂದು ಗಾಬರಿಯಾಗಬಾರದು. ಆ ಪ್ಲಗಿನ್ ಕೂಡ ಅವರ ಪಾಲಿಗೆ ಆರಿರುತ್ತದೆ. ನಾನು ಒಮ್ಮೆ ಹಾಗೆ ಗಾಬರಿಯಾಗಿ ಹೋಸ್ಟಿಂಗ್‌ನವರಿಗೆ ದೂರು ಕೊಟ್ಟು ನಾಚಿಕೆಪಟ್ಟಿದ್ದೇನೆ.

ಖಾಸಗಿತನದ ವಿಷಯದಲ್ಲಿ ಈ ಪ್ಲಗಿನ್ ನನಗೆ ಒಪ್ಪಿಗೆಯಾಗಲು ಕಾರಣವಿದೆ. ಇದಕ್ಕೂ ಮುಂಚೆ ನಾನು ನೋಡಿದ ತಪಾಸಣೆಯ ಸೇವೆಯೊಂದು ಖಾತೆ ತೆರೆಯಲು ಹೇಳಿ, ಅಡ್ಮಿನ್ ಪಾಸ್‌ವರ್ಡನ್ನೂ ಕೇಳಿತ್ತು. ಬಳಗದ ಸದಸ್ಯರ ಮಿಂಚಂಚೆ ವಿಳಾಸಗಳಿರುವ ಡೇಟಾಬೇಸಿನ ಬೀಗದ ಕೈಯನ್ನು ಗುರುತಿಲ್ಲದವರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಇಲ್ಲಿ ಖಾತೆಯಿಲ್ಲ, ಪರೀಕ್ಷೆಗಳು ನಮ್ಮ ಸರ್ವರಿನಲ್ಲಿಯೇ ನಡೆಯುತ್ತವೆ. ಹೊರಗಿನ ಸಂಪರ್ಕವೇ ಇಲ್ಲವೆಂದಲ್ಲ: ಮೂಲ ಕಡತಗಳನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ನೋಡುವಾಗ ಹೋಲಿಸಬೇಕಾದ ಚೆಕ್‌ಸಮ್‌ಗಳ (ಕಡತಗಳ ಬೆರಳಚ್ಚಿನಂಥ ಗುರುತುಗಳ) ಪಟ್ಟಿಯನ್ನು ವರ್ಡ್‌ಪ್ರೆಸ್‌ನ ಸ್ವಂತ ಸರ್ವರಿನಿಂದ ತರಿಸಿಕೊಳ್ಳುತ್ತದೆ. ಈ ಹೋಲಿಕೆ ವರ್ಡ್‌ಪ್ರೆಸ್‌ನ ಮೂಲ ಕಡತಗಳಿಗೆ ಮಾತ್ರ ಎಂಬುದನ್ನು ಮರೆಯಬಾರದು. ಥೀಮ್‌ನಲ್ಲೋ ಅಪ್‌ಲೋಡ್ಸ್ ಫೋಲ್ಡರಿನಲ್ಲೋ ಕುಳಿತ ದುಷ್ಟ ಕಡತವನ್ನು ಅದು ಕಾಣದು.

ಸಹಾಯ ಕೇಳುವಾಗ ಬಳಸುವ, ಸೈಟ್ ಹೆಲ್ತ್ ಪುಟದ ‘ಇನ್ಫೋ’ ಹಾಳೆಯ ಬಗ್ಗೆ ಮಾತ್ರ ಎಚ್ಚರ ಹೇಳಬೇಕು. ಅಲ್ಲಿರುವ ವಿವರಗಳನ್ನು ಒಂದೇ ಗುಂಡಿಯಿಂದ ನಕಲಿಸಬಹುದು. ತಾಣದ ವಿಳಾಸ, ಡೇಟಾಬೇಸಿನ ಹೆಸರು, ಬಳಕೆದಾರ, ಹೋಸ್ಟ್ ಇವೆಲ್ಲ ಪರದೆಯ ಮೇಲೆ ಕಂಡರೂ ನಕಲಿನಲ್ಲಿ ಬರುವುದಿಲ್ಲ. ಇದನ್ನು ರೂಪಿಸಿದವರು ಯೋಚಿಸಿಯೇ ಹಾಗೆ ಮಾಡಿದ್ದಾರೆ. ಆದರೆ ಫೋಲ್ಡರುಗಳ ಗಾತ್ರ ಹೇಳುವ ಭಾಗದಲ್ಲಿ ಪ್ರತಿ ಫೋಲ್ಡರಿನ ಪೂರ್ಣ ದಾರಿ ನಕಲಾಗುತ್ತದೆ. ನಮ್ಮ ಹೋಸ್ಟಿಂಗ್‌ನಲ್ಲಿ ಆ ದಾರಿಯ ಎರಡನೆಯ ತುಂಡೇ ಖಾತೆಯ ಬಳಕೆದಾರ ಹೆಸರು, ಆ ಹೆಸರೋ ನಮ್ಮ ತಾಣದ ಹೆಸರಿನ ಮೊದಲ ಎಂಟು ಅಕ್ಷರ. ವಿಳಾಸವನ್ನು ಮುಚ್ಚಿಟ್ಟು ಏನು ಬಂತು? ಸಾರ್ವಜನಿಕವಾಗಿ ಅಂಟಿಸುವ ಮೊದಲು ಆ ಸಾಲುಗಳನ್ನೂ, ಕ್ರಿಯಾಶೀಲ ಪ್ಲಗಿನ್‌ಗಳ ಪಟ್ಟಿಯಲ್ಲಿ ಅನಗತ್ಯವಾದದ್ದನ್ನೂ ನಾನು ಕೈಯಾರೆ ಅಳಿಸುತ್ತೇನೆ.

ಇನ್ನು ಸೈಟ್ ಹೆಲ್ತ್ ಪುಟದಲ್ಲಿ ‘ಗುಡ್’ ಅಥವಾ ‘ಶುಡ್ ಬಿ ಇಂಪ್ರೂವ್ಡ್’ ಎಂದು ತೋರಿಸುವ ಆ ವೃತ್ತ. ಬಳಗದ ಕೆಲವರು ಅದು ಹಸಿರಾಗಲೇಬೇಕೆಂದು ಹಟ ಹಿಡಿದಿದ್ದರು. ವರ್ಡ್‌ಪ್ರೆಸ್ 6.1ರಿಂದ ಸೇರಿರುವ ಪರೀಕ್ಷೆಗಳಲ್ಲೊಂದು, ಬರಹಗಳೋ ಟಿಪ್ಪಣಿಗಳೋ ಸಾವಿರ ದಾಟಿದ ತಾಣಕ್ಕೆ ಶಾಶ್ವತ ಆಬ್ಜೆಕ್ಟ್ ಕ್ಯಾಶ್ (ಡೇಟಾಬೇಸಿನಿಂದ ಓದಿದ್ದನ್ನು ಮತ್ತೆ ಬಳಸಲು ಕಾದಿಡುವ ವ್ಯವಸ್ಥೆ) ಬೇಕೆನ್ನುತ್ತದೆ. ನಮ್ಮ ದರ್ಜೆಯ ಹೋಸ್ಟಿಂಗ್‌ನಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಆದ್ದರಿಂದ ಆ ಸೂಚನೆ ಅಲ್ಲಿಯೇ ಇದೆ, ಇರುತ್ತದೆ. ಅದರ ಬದಲು 6.6ರಲ್ಲಿ ಬಂದ ಇನ್ನೊಂದು ಪರೀಕ್ಷೆ ನಿಜವಾಗಿಯೂ ಉಪಕಾರ ಮಾಡಿತು. ಪ್ರತಿ ಪುಟ ತೆರೆದಾಗಲೂ ಡೇಟಾಬೇಸಿನಿಂದ ತಾನಾಗಿ ಓದಲ್ಪಡುವ ಆಯ್ಕೆಗಳ (ಸೆಟ್ಟಿಂಗ್‌ಗಳ) ಗಾತ್ರ 800 ಕಿಲೋಬೈಟ್ ಮೀರಿದರೆ ಅದು ಎಚ್ಚರಿಸುತ್ತದೆ, ನಮ್ಮದು 1.6 ಮೆಗಾಬೈಟ್ ಆಗಿತ್ತು. ಅದರಲ್ಲಿ ಮುಕ್ಕಾಲು ಪಾಲು, ನಾವು ಎಂದೋ ತೆಗೆದುಹಾಕಿದ್ದ ಪ್ಲಗಿನ್‌ಗಳು ಬಿಟ್ಟುಹೋದ ಕಸ.

ನಿಗದಿ ಮಾಡಿದ ಬರಹಗಳು ಬೆಳಗ್ಗೆ ಆರಕ್ಕೆ ಪ್ರಕಟವಾಗದೆ ಉಳಿಯುತ್ತಿದ್ದ ಕಾಲವೂ ಒಂದಿತ್ತು. ಲೂಪ್‌ಬ್ಯಾಕ್ ಪರೀಕ್ಷೆ, ಅಂದರೆ ತಾಣವು ತನ್ನನ್ನು ತಾನೇ ಕರೆದು ನೋಡುವ ಪರೀಕ್ಷೆ, 403 (ಪ್ರವೇಶವಿಲ್ಲ) ಎಂಬ ಉತ್ತರ ತೋರಿಸಿತು. ಬಾಟ್‌ಗಳನ್ನು ತಡೆಯಲೆಂದು ನಾನೇ ಬರೆದಿದ್ದ ನಿಯಮವು ನಮ್ಮ ಸರ್ವರಿನ ಸ್ವಂತ ವಿಳಾಸವನ್ನೂ ಹೊರಗೆ ನಿಲ್ಲಿಸಿತ್ತು; ನಿಗದಿತ ಕೆಲಸಗಳು ಶುರುವಾಗುವುದೋ ತಾಣ ತನ್ನನ್ನು ತಾನೇ ಕರೆದಾಗ.

ಕನ್ನಡದಲ್ಲಿ ಪ್ರಕಟಿಸುವವರಿಗೆ ಮುಖ್ಯವಾದ ಒಂದು ದೋಷವನ್ನು ಈ ಪ್ಲಗಿನ್ ಹೇಳುವುದಿಲ್ಲ. ಬರಹದ ಕೊಂಡಿಯಲ್ಲಿ ಕನ್ನಡ ಬಳಸಿದರೆ ಪ್ರತಿ ಯುನಿಕೋಡ್ ಚಿಹ್ನೆಯೂ ಒಳಗೆ ಒಂಬತ್ತು ಅಕ್ಷರಗಳ ಸಂಕೇತವಾಗಿ ಉಳಿಯುತ್ತದೆ. ಕೊಂಡಿಗೆ ಇರುವ ಜಾಗ 200 ಅಕ್ಷರ. ಹಾಗಾಗಿ ಒತ್ತಕ್ಷರ, ಗುಣಿತದ ಚಿಹ್ನೆಗಳನ್ನೂ ಸೇರಿಸಿ 22 ಚಿಹ್ನೆಗಳಿಗೆ ಕೊಂಡಿ ತುಂಡಾಗುತ್ತದೆ. ‘ಪುಸ್ತಕ ಪರಿಚಯ’ ಎಂದು ಆರಂಭವಾಗುವ ಶೀರ್ಷಿಕೆಗಳಲ್ಲಿ ಪುಸ್ತಕದ ಹೆಸರು ಕೊಂಡಿಗೆ ಪೂರ್ತಿಯಾಗಿ ಬರದಿದ್ದದ್ದು ಇದರಿಂದ. ಸೈಟ್ ಹೆಲ್ತ್‌ಗೆ ಇದು ರೋಗವೇ ಅಲ್ಲ.

ದಿನನಿತ್ಯದ ನಿಗಾಕ್ಕೆ ವರ್ಡ್‌ಪ್ರೆಸ್‌ನಲ್ಲಿಯೇ ಇರುವ ಪುಟ ಸಾಕಾಗುವುದರಿಂದ, ಈ ಪ್ಲಗಿನ್ ಅನ್ನು ನಾನು ಆಫ್ ಮಾಡಿಯೇ ಇಟ್ಟಿರುತ್ತೇನೆ. ತೊಂದರೆ ಬಂದ ದಿನ ಮಾತ್ರ ಹೊತ್ತಿಸುತ್ತೇನೆ. ನಮ್ಮ ಸೈಟ್ ಹೆಲ್ತ್ ಪುಟದಲ್ಲಿ ‘ಬಳಸದ ಒಂದು ಪ್ಲಗಿನ್ ಇದೆ, ತೆಗೆದುಹಾಕಿ’ ಎಂಬ ಸೂಚನೆ ಆರು ವರ್ಷಗಳಿಂದ ಕುಳಿತಿದೆ. ಆ ಒಂದು ಇದೇ.