ಅಮ್ಮನ ಒಣಗಿದ ಕಾಲಿಗೆ ಕೊಬ್ಬರಿ ಎಣ್ಣೆಯೋ, ಜೆಲ್ಲಿಯೋ, ಯೂರಿಯಾ ಕ್ರೀಮೋ?

ಅಮ್ಮನಿಗೆ 71 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ ಶುರುವಾಯಿತು. 14 ದಿನ ಮಾತ್ರೆ, 7 ದಿನ ಬಿಡುವು. ಎರಡನೇ ಸುತ್ತಿನ ಹೊತ್ತಿಗೆ ಹಿಮ್ಮಡಿ ಎಷ್ಟು ಒರಟಾಗಿತ್ತೆಂದರೆ ಸೀರೆಯ ಅಂಚು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಹೊದಿಕೆ ಕೊಡವಿದರೆ ಬಿಳಿ ಹೊಟ್ಟು ಉದುರುತ್ತಿತ್ತು. ವಯಸ್ಸಾದವರ ಚರ್ಮದಲ್ಲಿ ಜಿಡ್ಡು ಮೊದಲೇ ಕಡಿಮೆ, ಅದರ ಮೇಲೆ ಈ ಔಷಧಿ.

ಡಾಕ್ಟರಿಗೆ ಹೇಳಿಯೇ, ಬಲಗಾಲಿಗೆ ಒಂದು, ಎಡಗಾಲಿಗೆ ಇನ್ನೊಂದು ಹಚ್ಚಿ ನೋಡಿದೆವು.

ಮೊದಲು ಕೊಬ್ಬರಿ ಎಣ್ಣೆ. ಅಮ್ಮನಿಗೆ ಅದರ ಮೇಲೇ ನಂಬಿಕೆ. ಹಚ್ಚಿದಾಗ ಹಿತವಾಗಿರುತ್ತಿತ್ತು, ಮಧ್ಯಾಹ್ನಕ್ಕೆ ಮತ್ತೆ ಬಿಗಿತ. ಒಂದು ದಿನ ಎಣ್ಣೆಗಾಲಲ್ಲಿ ಬಚ್ಚಲಿಗೆ ಹೋಗಿ ಜಾರಿದರು. ಬಾಗಿಲು ಹಿಡಿದುಕೊಂಡಿದ್ದಕ್ಕೆ ಸರಿಹೋಯ್ತು. ಅವತ್ತೇ ಅಂಗಾಲಿಗೆ ಎಣ್ಣೆ ನಿಲ್ಲಿಸಿದೆ.

ಪೆಟ್ರೋಲಿಯಂ ಜೆಲ್ಲಿ ತಾನಾಗಿ ನೀರು ಕೊಡುವುದಿಲ್ಲ, ಇರುವ ನೀರನ್ನು ಆರಲು ಬಿಡುವುದಿಲ್ಲ. ಇದು ಗೊತ್ತಿಲ್ಲದೆ ಒಂದು ವಾರ ಒಣಕಾಲಿಗೆ ಸುಮ್ನೆ ಬಳಿದೆ. ಸ್ನಾನ ಆದ ಕೂಡಲೇ ಟವೆಲ್ ಒತ್ತಿ, ಪಸೆ ಇರುವಾಗಲೇ ಹಚ್ಚಿದ ಮೇಲೆ ವ್ಯತ್ಯಾಸ ಕಂಡಿತು. ರಾತ್ರಿ ಕಾಲು ತೊಳೆದು, ಹಚ್ಚಿ, ಮೇಲೆ ಹತ್ತಿಯ ಸಾಕ್ಸ್. ಅಂಟಂಟು ಅಂತ ಅಮ್ಮ ಗೊಣಗುತ್ತಾರೆ. ಆದರೆ ಬಿರುಕಿದ್ದರೂ ಉರಿಯುವುದಿಲ್ಲ, ಬೆಲೆಯೂ ಕಡಿಮೆ.

ಡಾಕ್ಟರ್ ಬರೆದುಕೊಟ್ಟಿದ್ದು 10% ಯೂರಿಯಾ ಕ್ರೀಮ್. ಇದು ಚರ್ಮದಲ್ಲಿ ನೀರು ಹಿಡಿದಿಡುತ್ತದೆ, ಗಟ್ಟಿಯಾದ ಪದರವನ್ನೂ ಮೆತ್ತಗೆ ಮಾಡುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಬಲ ಹಿಮ್ಮಡಿ ನುಣ್ಣಗಾಗಿತ್ತು, ಎಡಗಡೆ ಜೆಲ್ಲಿ ಹಚ್ಚಿದ್ದು ಮೆತ್ತಗಾಗಿದ್ದರೂ ಒರಟು ಉಳಿದಿತ್ತು. ಗೆದ್ದದ್ದು ಯೂರಿಯಾನೇ. ಆದರೆ ಒಡೆದ ಜಾಗಕ್ಕೆ ತಾಗಿದಾಗ ಅಮ್ಮ, “ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗಿದೆ ಕಣೇ” ಅಂದರು. ಈಗ ಒಡೆಯದ ಅಂಗಾಲು, ಅಂಗೈಗೆ ಬೆಳಿಗ್ಗೆ ಯೂರಿಯಾ, ಬಿರುಕಿಗೆ ಮತ್ತು ಮೊಣಕಾಲಿನ ಕೆಳಗೆ ಜೆಲ್ಲಿ. ಎಲ್ಲ ಕಡೆ ಹಚ್ಚಿದರೆ ಟ್ಯೂಬ್ ಬೇಗ ಖಾಲಿಯಾಗುತ್ತದೆ, ಅಲ್ವಾ?

ಪರಿಮಳದ ಲೋಷನ್ ಕೂಡ ತಂದಿದ್ದೆ. ಮೊದಲ ದಿನವೇ ತುರಿಕೆ. ಬೇಡವೇ ಬೇಡ.

ಕ್ರೀಮಿಗಿಂತ ಕಷ್ಟವಾದದ್ದು ಸ್ನಾನ ಬದಲಿಸುವುದು. ಹಂಡೆಯ ಸುಡುನೀರು, ಮೈಯುಜ್ಜಲು ಸೀಗೆಪುಡಿ, ಇದು ಅಮ್ಮನ ಐವತ್ತು ವರ್ಷದ ರೂಢಿ. ಈಗ ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಮುಗಿಸುವುದು, ಸೋಪು ಕಂಕುಳು ಮತ್ತು ತೊಡೆಸಂದಿಗೆ ಮಾತ್ರ. ಹೊಟ್ಟು ಉದುರುವುದು ನಿಂತಿದ್ದು ಇದರಿಂದಲೇ ಅಂತ ನನಗನಿಸುತ್ತದೆ.

ಒಂದು ವಿಷಯ ದಯವಿಟ್ಟು ಗಮನಿಸಿ. ಅಂಗೈ, ಅಂಗಾಲು ಕೆಂಪಾಗಿ ಊದಿಕೊಂಡು ನೋವಾದರೆ, ಗುಳ್ಳೆ ಎದ್ದರೆ ಅದನ್ನು ಬರೀ ಒಣಚರ್ಮ ಅಂದುಕೊಳ್ಳಬೇಡಿ. ಈ ಮಾತ್ರೆಯಿಂದ ಬರುವ ಹ್ಯಾಂಡ್-ಫುಟ್ ಸಿಂಡ್ರೋಮ್ ಇರಬಹುದು. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಅವರು ಮಾತ್ರೆಯನ್ನು ಸ್ವಲ್ಪ ದಿನ ನಿಲ್ಲಿಸಿ, ಬೇಕಾದರೆ ಡೋಸ್ ಇಳಿಸುತ್ತಾರೆ. ರೇಡಿಯೇಷನ್ ನಡೆಯುತ್ತಿದ್ದರೆ ಆ ಜಾಗಕ್ಕೆ ಕೇಳದೆ ಏನೂ ಹಚ್ಚಬೇಡಿ. ಮಾತ್ರೆ ನಿಲ್ಲಿಸಿಬಿಟ್ಟಾರು ಅನ್ನೋ ಹೆದರಿಕೆಗೆ ಅಮ್ಮ ಎರಡು ದಿನ ಅಂಗಾಲಿನ ನೋವನ್ನು ಮುಚ್ಚಿಟ್ಟಿದ್ದರು. ಈಗ ದಿನಾ ರಾತ್ರಿ ಸಾಕ್ಸ್ ಹಾಕುವ ಮುಂಚೆ ಟಾರ್ಚ್ ಬಿಟ್ಟು ನಾನೇ ಅಂಗಾಲು ನೋಡುತ್ತೇನೆ.