ಬೆಟ್ಟದ ರಾಷ್ಟ್ರೀಯ ಉದ್ಯಾನದಲ್ಲಿ ಪುಟ್ಟ ಮಗು: ಚೌಕಟ್ಟಿನ ಕ್ಯಾರಿಯರೋ, ಬಟ್ಟೆಯದೋ, ತಳ್ಳುಗಾಡಿಯೋ?

ಒಂದೂವರೆಯಿಂದ ಮೂರು ವರ್ಷದೊಳಗಿನ ಮಗುವನ್ನು ಬೆಟ್ಟದ ಉದ್ಯಾನಕ್ಕೆ ಕರೆದೊಯ್ಯುವವರು ದಾರಿ ಆರಿಸುವ ಮೊದಲೇ ಮಗುವನ್ನು ಹೊರುವ ಬಗೆಯನ್ನು ತೀರ್ಮಾನಿಸಬೇಕು. ಎಷ್ಟು ದೂರ ಹೋಗಬಹುದು, ಯಾವ ದಾರಿ ಬಿಡಬೇಕು ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ. ಅಲ್ಯೂಮಿನಿಯಂ ಚೌಕಟ್ಟಿನ ಬೆನ್ನು ಕ್ಯಾರಿಯರ್, ಬಕಲ್ ಹಾಕಿ ಕಟ್ಟುವ ಬಟ್ಟೆಯ ಕ್ಯಾರಿಯರ್, ಮೂರು ಚಕ್ರದ ತಳ್ಳುಗಾಡಿ ಈ ಮೂರನ್ನೂ ಕಲ್ಲುದಾರಿ, ಮೆಟ್ಟಿಲು, ಹಲಗೆ ಹಾದಿಗಳಲ್ಲಿ ಬಳಸಿ ನೋಡಿ ಹೇಳುತ್ತಿದ್ದೇವೆ.

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಬೆನ್ನು ನೋಯುತ್ತದೆಯೇ ಎಂದು. ದಾರಿಯಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು, ಮಗುವನ್ನು ಎಷ್ಟು ಸಲ ಇಳಿಸಿ ಹತ್ತಿಸಬೇಕು ಎಂಬುದು. ಈ ವಯಸ್ಸಿನ ಮಗು ಇರುವೆ ಕಂಡರೆ ಇಳಿಯಬೇಕು, ನೀರು ಕಂಡರೆ ಇಳಿಯಬೇಕು. ಹತ್ತು ಹೆಜ್ಜೆ ನಡೆದು ಮತ್ತೆ ಎತ್ತಿಕೋ ಎಂದು ಕೈ ಚಾಚುತ್ತದೆ. ಬಟ್ಟೆಯ ಕ್ಯಾರಿಯರಿನಲ್ಲಿ ಇದು ಒಂದು ನಿಮಿಷದ ಕೆಲಸ. ಚೌಕಟ್ಟಿನದರಲ್ಲಿ ಸಮತಟ್ಟು ಜಾಗ ಹುಡುಕಿ, ಇಳಿಸಿ, ಸ್ಟ್ಯಾಂಡ್ ಬಿಡಿಸಿ, ಒಳಗಿನ ಪಟ್ಟಿ ಸಡಿಲಿಸುವಷ್ಟರಲ್ಲಿ ಮಗು ರಚ್ಚೆ ಹಿಡಿದಿರುತ್ತದೆ.

ಹಾಗಿದ್ದರೂ ಅರ್ಧ ದಿನದ ನಡಿಗೆಗೆ ಚೌಕಟ್ಟಿನ ಕ್ಯಾರಿಯರಿಗೆ ಸಾಟಿಯಿಲ್ಲ. ಭಾರವನ್ನು ಭುಜದಿಂದ ಸೊಂಟಕ್ಕೆ ಇಳಿಸುತ್ತದೆ, ಬೆನ್ನಿಗೂ ಮಗುವಿಗೂ ನಡುವೆ ಗಾಳಿ ಆಡುತ್ತದೆ, ಬಿಸಿಲಿಗೆ ಚಾವಣಿ ಇರುತ್ತದೆ, ಸೀಟಿನ ಕೆಳಗೆ ಡೈಪರ್, ನೀರು, ಬಟ್ಟೆ ಹಿಡಿಸುತ್ತವೆ. ಖಾಲಿಯಾಗಿಯೇ ಅದು ಸುಮಾರು 3ರಿಂದ 3.5 ಕಿಲೋ ತೂಗುತ್ತದೆ. 12 ಕಿಲೋದ ಮಗು, ಒಂದೂವರೆ ಲೀಟರ್ ನೀರು, ಉಳಿದ ಸಾಮಾನು ಸೇರಿದರೆ 18 ಕಿಲೋ ತಲುಪುವುದು ಸುಲಭ. ಗರಿಷ್ಠ ತೂಕದ ಚೀಟಿಯನ್ನು ಎಚ್ಚರದಿಂದ ಓದಿ: ಕೆಲವು ತಯಾರಕರು ಮಗುವಿನ ತೂಕವನ್ನಷ್ಟೇ ಬರೆಯುತ್ತಾರೆ, ಕೆಲವರು ಸಾಮಾನನ್ನೂ ಕ್ಯಾರಿಯರನ್ನೂ ಸೇರಿಸಿರುತ್ತಾರೆ.

ಹಾಕಿಕೊಳ್ಳುವ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಕ್ಯಾರಿಯರೂ ಭುಜ ಕೊರೆಯುತ್ತದೆ. ಎಲ್ಲ ಪಟ್ಟಿಗಳನ್ನು ಸಡಿಲಿಸಿ, ಮಗುವನ್ನು ಕೂರಿಸಿ, ಅದರ ಎದೆಪಟ್ಟಿ ಬಿಗಿಯಿರಿ. ಆಮೇಲೆ ಹಿಡಿಕೆ ಹಿಡಿದು ತೊಡೆಯ ಮೇಲಿಟ್ಟುಕೊಂಡು, ಅಲ್ಲಿಂದ ಬೆನ್ನಿಗೆ. ಮೊದಲು ಸೊಂಟದ ಬೆಲ್ಟ್ ಅನ್ನು ಸೊಂಟದ ಮೂಳೆಯ ಮೇಲೆಯೇ ಬಿಗಿಯಬೇಕು, ನಂತರ ಭುಜದ ಪಟ್ಟಿ, ಅದಾದ ಮೇಲೆ ಭುಜದ ಮೇಲಿನ ಸಣ್ಣ ಎಳೆಪಟ್ಟಿ, ಕೊನೆಗೆ ಎದೆಯ ಬಕಲ್. ಬೆನ್ನಿನ ಉದ್ದದ ಹೊಂದಿಕೆಯನ್ನು ಹೊರುವವರು ಬದಲಾದಾಗಲೆಲ್ಲ ಬದಲಿಸಬೇಕು. ಇದನ್ನು ಬಿಡುವವರೇ ಹೆಚ್ಚು.

ಇದರ ದೊಡ್ಡ ದೋಷ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಮಗು ನಿಮ್ಮ ಬೆನ್ನಿನಿಂದ ದೂರ, ಎತ್ತರದಲ್ಲಿ ಕೂತಿರುತ್ತದೆ. ನಿದ್ದೆಯಲ್ಲಿ ತಲೆ ಒಂದು ಕಡೆ ವಾಲಿದರೆ ಭಾರವೂ ಆ ಕಡೆಗೆ ಎಳೆಯುತ್ತದೆ. ಸಡಿಲ ಜಲ್ಲಿಯ ಮೇಲೆ ಇದು ಅಪಾಯ. ಎರಡು ಊರುಗೋಲು ಇಲ್ಲದೆ ಇಳಿಯಬೇಡಿ. ನೀವು ಬಗ್ಗದೆ ದಾಟುವ ಕೊಂಬೆ ಮಗುವಿನ ಮುಖಕ್ಕೆ ಬಡಿಯುತ್ತದೆ. ಜೋತಾಡುವ ಕಾಲು ಮರಗಟ್ಟದಂತೆ ಪಾದದಾನಿ ಹೊಂದಿಸಿ. ಸ್ಟ್ಯಾಂಡ್ ಪೂರ್ತಿ ತೆರೆದು ಗಟ್ಟಿಯಾಗಿದೆಯೇ ನೋಡಿ. ಬಂಡೆಯ ಮೇಲೆ, ಬೆಂಚಿನ ಮೇಲೆ ಮಗುವಿರುವ ಕ್ಯಾರಿಯರನ್ನು ನಿಲ್ಲಿಸಲೇಬಾರದು.

ಬಟ್ಟೆಯದು ಸಾಮಾನ್ಯವಾಗಿ ಒಂದು ಕಿಲೋದೊಳಗೆ. ಮಗು ಬೆನ್ನಿಗೆ ಅಂಟಿಕೊಂಡಿರುವುದರಿಂದ ಮೆಟ್ಟಿಲಿನಲ್ಲಿ, ಬೇರು ತುಂಬಿದ ದಾರಿಯಲ್ಲಿ ಹೆಜ್ಜೆ ತಪ್ಪುವುದು ಕಡಿಮೆ. ಆದರೆ ಇಬ್ಬರೂ ಬೆವರುತ್ತೀರಿ. ಒದ್ದೆಯಾದ ಅಂಗಿಗೆ ಮೇಲೆ ಗಾಳಿ ತಾಗಿದರೆ ಮಗು ನಡುಗುತ್ತದೆ, ಆದ್ದರಿಂದ ಮಗುವಿಗೊಂದು, ಹೊರುವವರಿಗೊಂದು ಒಣ ಅಂಗಿ ಇರಲಿ. ಬಟ್ಟೆ ಒಂದು ಮಂಡಿಯಿಂದ ಇನ್ನೊಂದರವರೆಗೆ ಹರಡಿ, ಮಂಡಿಗಳು ಕುಂಡೆಗಿಂತ ತುಸು ಮೇಲಿರಬೇಕು. ಎಳೆಕೂಸಿನ ಅಳತೆಯದು ಎರಡು ವರ್ಷದ ಮಗುವಿಗೆ ಕಿರಿದಾಗಿ ತೊಡೆ ಒತ್ತುತ್ತದೆ. ದೊಡ್ಡ ಅಳತೆಯದನ್ನೇ ಕೊಳ್ಳಿ. ಸಾಮಾನಿಗೆ ಜಾಗವಿಲ್ಲದ ಕಾರಣ ಚೀಲ ಹೊರಲು ಇನ್ನೊಬ್ಬರು ಬೇಕು. ಮಗು 14 ಕಿಲೋ ದಾಟಿದರೆ ಎರಡು ಗಂಟೆಯ ನಂತರ ಭುಜ ಸೋಲುತ್ತದೆ.

ತಳ್ಳುಗಾಡಿಯ ಮಾತು ಚಿಕ್ಕದು. ಗಾಲಿಕುರ್ಚಿ ಹೋಗುವ ದಾರಿ ಎಂದು ಉದ್ಯಾನದ ನಕ್ಷೆಯಲ್ಲಿದ್ದರೆ ಮಾತ್ರ ತನ್ನಿ. ಗಾಳಿ ತುಂಬಿದ ದೊಡ್ಡ ಚಕ್ರದ್ದೇ ಆಗಲಿ. ಒರಟು ನೆಲದಲ್ಲಿ ಮುಂದಿನ ಚಕ್ರ ತಿರುಗದಂತೆ ಲಾಕ್ ಮಾಡಿ, ಇಳಿಜಾರಿನಲ್ಲಿ ಮಣಿಕಟ್ಟಿನ ಪಟ್ಟಿ ತೊಡಿ. ಮಧ್ಯಾಹ್ನದ ನಿದ್ದೆಗೆ ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಬಿಸಿಲು ತಡೆಯಲೆಂದು ಬಟ್ಟೆ ಹೊದಿಸಿ ಮುಚ್ಚಬೇಡಿ: ಗಾಳಿ ನಿಂತು ಒಳಗೆ ಕಾವು ಬೇಗ ಏರುತ್ತದೆ.

ಯಾವುದನ್ನು ಆರಿಸಿದರೂ, ನಡೆಯುವವರಿಗೆ ಸೆಕೆಯಾದಾಗ ಕೂತ ಮಗುವಿಗೆ ಚಳಿಯಾಗಿರಬಹುದು. 1000 ಮೀಟರ್ ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ, ಅತಿನೇರಳೆ ಕಿರಣ ಸುಮಾರು 10 ಶೇಕಡಾ ಹೆಚ್ಚುತ್ತದೆ. ಅರ್ಧ ಗಂಟೆಗೊಮ್ಮೆ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬರೀ ಕೈಕಾಲು ಮುಟ್ಟಿದರೆ ತಿಳಿಯದು. ಘಾಟಿ ರಸ್ತೆ ಇಳಿಯುವಾಗ ಕಿವಿ ಕಟ್ಟದಂತೆ ಏನಾದರೂ ಕುಡಿಸುತ್ತಿರಿ. 2500 ಮೀಟರ್ ದಾಟಿದ ಮೇಲೆ ಮಗು ಕಾರಣವಿಲ್ಲದೆ ಕಿರಿಕಿರಿ ಮಾಡಿದರೆ, ಉಣ್ಣದಿದ್ದರೆ, ವಾಂತಿ ಮಾಡಿದರೆ ಹಠವೆಂದು ತಳ್ಳಿಹಾಕದೆ ಕೆಳಗಿಳಿಯಿರಿ. ತಲೆನೋವೆಂದು ಹೇಳಲು ಅದಕ್ಕೆ ಬಾರದು.

ಒಂದು ದಿನದ ಕುಟುಂಬ ಪ್ರವಾಸಕ್ಕೆ ನಮ್ಮ ಆಯ್ಕೆ ಬಟ್ಟೆಯ ಕ್ಯಾರಿಯರ್, ಜೊತೆಗೆ ಮಗುವಿನದೇ ಕಾಲು. ಏರಿನಲ್ಲಿ ಹೊತ್ತು, ಮೇಲಿನ ಸಮತಟ್ಟಿನಲ್ಲಿ ನಡೆಯಲು ಬಿಟ್ಟು, ದಣಿದ ಮಗುವನ್ನು ಮಲಗಿಸಿಕೊಂಡು ಇಳಿಯಬಹುದು. ಚೌಕಟ್ಟಿನದಾದರೆ ಈ ಕ್ರಮ ತಿರುಗಿಸಿ: ನಿದ್ದೆ ಏರಿನಲ್ಲಿ ಮುಗಿಯುವಂತೆ ಹೊರಡುವ ಹೊತ್ತು ಹೊಂದಿಸಿ, ಇಳಿಯುವಾಗ ಮಗು ಎಚ್ಚರವಿರಲಿ. ಮಗು ಭಾರವಿದ್ದು ನಡಿಗೆ ಮೂರು ಗಂಟೆ ಮೀರುವುದಾದರೆ ಚೌಕಟ್ಟಿನದೇ ಸರಿ. ಕೆಲವು ಕಡೆ ಅದು ಬಾಡಿಗೆಗೆ ಸಿಗುತ್ತದೆ. ತೆಗೆದುಕೊಳ್ಳುವಾಗ ಪ್ರತಿ ಬಕಲನ್ನೂ ಹಾಕಿ ಎಳೆದು ನೋಡಿ, ಸ್ಟ್ಯಾಂಡಿನ ಕೀಲು ಅಲ್ಲಾಡಿದರೆ ಬೇರೆಯದನ್ನು ಕೇಳಿ.